ಡಿಐ, ಪ್ಯೂಜೋ, ಸಿಆರ್‌ಡಿಇ: ತೋಟದ ಜೀಪಿಗೆ ಯಾವ ಡೀಸೆಲ್ ಇಂಜಿನ್?

ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಜೀಪ್ ನೋಡಲು ಹೋದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ಟೈರು, ಹುಡ್, ಪೇಂಟ್ ಮೇಲೆ. ಅವನ್ನೆಲ್ಲ ಆಮೇಲೆ ಸರಿ ಮಾಡಿಸಿಕೊಳ್ಳಬಹುದು. ಇಂಜಿನ್ ಯಾವುದು ಬೇಕು ಅನ್ನುವುದನ್ನು ಮಾತ್ರ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಬೇಕು.

ನಮ್ಮ ಮೂಡಿಗೆರೆ ಕಡೆ ಹಳೆ ಮಹೀಂದ್ರ ಅಂದರೆ ಮೂರು ಡೀಸೆಲ್ ಇಂಜಿನ್‌ಗಳ ಮಾತೇ ಜಾಸ್ತಿ. ಒಂದು, 2523 ಸಿಸಿಯ ಡಿಐ, ಅಂದರೆ ಡೀಸೆಲ್ ನೇರ ಸಿಲಿಂಡರಿಗೇ ಸಿಡಿಯುವ ಡೈರೆಕ್ಟ್ ಇಂಜೆಕ್ಷನ್. ಇಂಟರ್‌ನ್ಯಾಷನಲ್ ಬಿ-275 ಟ್ರಾಕ್ಟರ್ ಇಂಜಿನ್ನಿನ ವಂಶದ್ದು. ಎರಡು, ಹಳೆ ಎಂಎಂ 540 ಜೀಪಿನಲ್ಲಿ ಬರುತ್ತಿದ್ದ 2112 ಸಿಸಿಯ ಪ್ಯೂಜೋ. ಮೂರು, 2010ರಿಂದ 2020ರವರೆಗಿನ ಥಾರ್‌ನಲ್ಲಿರುವ 2498 ಸಿಸಿಯ ಸಿಆರ್‌ಡಿಇ, ಅಂದರೆ ಕಂಪ್ಯೂಟರ್ ಹಿಡಿತದ ಕಾಮನ್ ರೈಲ್ ಡೀಸೆಲ್. ತೋಟಕ್ಕೊಂದು ಗಾಡಿ ಬೇಕಾದಾಗ ಮೂರನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡಿದೆ. ಹಳ್ಳದ ಪಕ್ಕದಿಂದ ಕಣಕ್ಕೆ ಹತ್ತುವ ಕೆಂಪು ಮಣ್ಣಿನ ಏರು, ಹಿಂದೆ ಗೊಬ್ಬರದ ಮೂಟೆ. ಆಮೇಲೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು, ಮತ್ತೆ ಹತ್ತಿದ್ದು.

ಮೊದಲು ಏರಿನ ಮಾತು. ಮಳೆ ನಿಂತು ಒಂದೆರಡು ಗಂಟೆ ಆಗಿತ್ತು, ಮೇಲ್ಮಣ್ಣು ಸಾಬೂನಿನ ಹಾಗೆ ಜಾರುತ್ತಿತ್ತು. ಡಿಐ ಜೀಪನ್ನು ಫೋರ್ ವೀಲ್ ಲೋಗೆ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಬಲವಾಗಿ ಎಳೆಯುವ ಗೇರಿಗೆ ಹಾಕಿ, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟೆ. ಆಕ್ಸಿಲರೇಟರ್ ಮೇಲೆ ಕಾಲು ಇಟ್ಟಿದ್ದೆ ಅಷ್ಟೆ, ಒತ್ತಲಿಲ್ಲ. ಡಗ ಡಗ ಅನ್ನುತ್ತಾ ನಡೆದುಕೊಂಡೇ ಮೇಲೆ ಹೋಯಿತು. ಒಂದು ಬೇರು ಅಡ್ಡ ಸಿಕ್ಕಾಗ ಇಂಜಿನ್ ಸದ್ದು ತುಸು ಕುಗ್ಗಿತು, ಆದರೆ ಆಫ್ ಆಗಲಿಲ್ಲ. ಇದಕ್ಕೆ ಕಾರಣ ಇದೆ. ಡಿಐನಲ್ಲಿ ಪಿಸ್ಟನ್ ಓಡಾಡುವ ಉದ್ದ, ಅಂದರೆ ಸ್ಟ್ರೋಕ್, 101.6 ಮಿಲಿಮೀಟರ್. ಪ್ಯೂಜೋದಲ್ಲಿ 83. ಉದ್ದ ಸ್ಟ್ರೋಕಿನ ಇಂಜಿನ್ ನಿಧಾನವಾಗಿ ತಿರುಗುವಾಗಲೇ ಎಳೆಯುತ್ತದೆ.

ಪ್ಯೂಜೋಗೆ ಅದೇ ಏರಲ್ಲಿ ಸ್ವಲ್ಪ ರೇಸ್ ಕೊಡಬೇಕಾಯಿತು. ಕೊಡದಿದ್ದರೆ ಮಿಸುಕುತ್ತದೆ, ಆಗ ಕೈಕಾಲು ತಾನಾಗಿ ಹಾಫ್ ಕ್ಲಚ್‌ಗೆ ಹೋಗುತ್ತದೆ. ಹತ್ತುವುದಿಲ್ಲ ಅಂತಲ್ಲ, ಚೆನ್ನಾಗಿಯೇ ಹತ್ತಿತು. ಆದರೆ ದಿನಾ ಹೀಗೆ ಓಡಿಸಿದರೆ ಕ್ಲಚ್ ಪ್ಲೇಟ್ ಬೇಗ ಮುಗಿಯುತ್ತದೆ.

ಥಾರ್ ಸಿಆರ್‌ಡಿಇ ಬೇರೆಯದೇ ಗಾಡಿ. 105 ಕುದುರೆ ಶಕ್ತಿ, 247 ನ್ಯೂಟನ್ ಮೀಟರ್ ಟಾರ್ಕ್. ಆ ಟಾರ್ಕ್ ಪೂರ್ತಿ ಸಿಗುವುದು 1800ರಿಂದ 2000 ಆರ್‌ಪಿಎಂನಲ್ಲಿ. ಅದಕ್ಕಿಂತ ಕೆಳಗೆ, ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಇನ್ನೂ ಎದ್ದಿರುವುದಿಲ್ಲ. ಒಣ ಏರಲ್ಲಿ ಇದು ಗೊತ್ತೇ ಆಗುವುದಿಲ್ಲ. ಕೆಸರಲ್ಲಿ ಗೊತ್ತಾಗುತ್ತದೆ: ಎಳೆಯಲಿಲ್ಲ ಅಂತ ಒತ್ತಿದರೆ ಬಲ ಒಮ್ಮೆಲೇ ಬಂದು ಚಕ್ರ ಗಿರ್ರನೆ ತಿರುಗಿ ಮಣ್ಣು ಬಗೆಯುತ್ತದೆ. 2015ರ ನಂತರದ ಥಾರ್ ಸಿಆರ್‌ಡಿಇಗೆ ಹಿಂದಿನ ಆಕ್ಸಲ್‌ನಲ್ಲಿ, ಒಂದು ಚಕ್ರ ಜಾರಿದರೆ ತಾನೇ ಲಾಕ್ ಆಗಿ ಇನ್ನೊಂದಕ್ಕೂ ಬಲ ಕೊಡುವ ಡಿಫರೆನ್ಷಿಯಲ್ ಬಂದಿದೆ. ಸಿಆರ್‌ಡಿಇ ತಗೊಳ್ಳುವುದಾದರೆ ಅದೇ ಮಾಡೆಲ್ ಹುಡುಕಿ. ಒಂದು ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗುವಾಗ ಅದರ ಬೆಲೆ ತಿಳಿಯುತ್ತದೆ.

ಘಾಟಿಯಲ್ಲಿ ಲೆಕ್ಕವೇ ಉಲ್ಟಾ. ಚಾರ್ಮಾಡಿ ಹತ್ತುವಾಗ ಥಾರ್ ತಿರುವಿನಿಂದ ತಿರುವಿಗೆ ಆರಾಮಾಗಿ ಏರುತ್ತದೆ, ಮುಂದೆ ಲಾರಿ ಸಿಕ್ಕಿದರೆ ಜಾಗ ನೋಡಿ ದಾಟಬಹುದು. ಡಿಐ ಆ ಲಾರಿಯ ಹಿಂದೆಯೇ ಹತ್ತಬೇಕು. ಅರವತ್ತು ದಾಟಿದರೆ ಸ್ಟೇರಿಂಗ್, ಸೀಟು, ಕನ್ನಡಿ ಎಲ್ಲವೂ ನಡುಗುತ್ತವೆ, ಪಕ್ಕದಲ್ಲಿ ಕೂತವರ ಜೊತೆ ಕೂಗಿಯೇ ಮಾತಾಡಬೇಕು. ಪ್ಯೂಜೋ ಇಲ್ಲಿ ತುಂಬಾ ಇಷ್ಟವಾಯಿತು. ಅದರಲ್ಲಿ ಡೀಸೆಲ್ ಮೊದಲು ಹೆಡ್‌ನೊಳಗಿನ ಪುಟ್ಟ ಕೋಣೆಯಲ್ಲಿ ಹೊತ್ತಿಕೊಂಡು ಆಮೇಲೆ ಸಿಲಿಂಡರಿಗೆ ಬರುತ್ತದೆ. ಹಾಗಾಗಿ ಸದ್ದು ಮೆತ್ತಗೆ, ನಡುಕ ಕಡಿಮೆ. ಹಳೆ ಜೀಪನ್ನು ಖುಷಿಗಾಗಿ ಇಟ್ಟುಕೊಂಡು ಭಾನುವಾರ ದೇವರಮನೆ ಕಡೆ ಹೋಗಿಬರುವವರಿಗೆ ನಾನು ಹೇಳುವುದು ಪ್ಯೂಜೋವನ್ನೇ. ಆದರೆ ಆ ಪುಟ್ಟ ಕೋಣೆಯ ಗೋಡೆಗೆ ಶಾಖ ಸೋರಿಹೋಗುತ್ತದೆ. ಅದಕ್ಕೇ ಚಳಿಯಲ್ಲಿ ಹೀಟರ್ ಪ್ಲಗ್ ಕಾಯುವವರೆಗೆ ನಿಲ್ಲಬೇಕು, ಡೀಸೆಲ್ಲೂ ತುಸು ಜಾಸ್ತಿ ಕುಡಿಯುತ್ತದೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್‌ಗೆ ಬರುತ್ತದೆ. ಸಮಾಧಾನದಿಂದ ನೋಡಿಕೊಳ್ಳುವವರ ಇಂಜಿನ್ ಅದು.

ನನ್ನ ತೀರ್ಮಾನಕ್ಕೆ ಕಾರಣವಾಗಿದ್ದು ಇವೆರಡೂ ಅಲ್ಲ, ಡೀಸೆಲ್ ಬ್ಯಾರೆಲ್. ತೋಟಗಳಲ್ಲಿ ಪಂಪ್‌ಸೆಟ್ಟಿಗೆ ಅಂತ ಬ್ಯಾರೆಲ್‌ನಲ್ಲಿ ಡೀಸೆಲ್ ತಂದಿಡುತ್ತೇವೆ. ಮಲೆನಾಡಿನ ಥಂಡಿಗೆ ಬ್ಯಾರೆಲ್ ಒಳಗೆ ನೀರು ಹನಿಗಟ್ಟುತ್ತದೆ, ತಳದಲ್ಲಿ ತುಕ್ಕು ಇರುತ್ತದೆ. ತುರ್ತಿಗೆ ಜೀಪಿಗೂ ಅದೇ ಡೀಸೆಲ್ ಹೋಗುತ್ತದೆ, ಅಲ್ವಾ? ಡಿಐ ಆದರೆ ಕೆಮ್ಮಿ ನಿಲ್ಲಬಹುದು. ಫಿಲ್ಟರ್ ಬದಲಾಯಿಸಿ, ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಪ್ರೈಮರ್ ಒತ್ತಿ ಏರ್ ತೆಗೆದರೆ ಮತ್ತೆ ಹೊರಡುತ್ತದೆ. ಒಂದು ಸ್ಪ್ಯಾನರ್ ಸಾಕು. ಸಿಆರ್‌ಡಿಇಯಲ್ಲಿ ಡೀಸೆಲ್ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಇಂಜೆಕ್ಟರಿಗೆ ಹೋಗುತ್ತದೆ. ಅಷ್ಟು ಸೂಕ್ಷ್ಮ ಭಾಗಗಳಿಗೆ ನೀರು, ತುಕ್ಕು ವಿಷ. ಕೆಟ್ಟರೆ ಸ್ಕ್ಯಾನರ್ ಬೇಕು, ಅದು ಇರುವ ಊರಿಗೆ ಗಾಡಿಯನ್ನು ಎಳೆದುಕೊಂಡು ಹೋಗಬೇಕು. ಬಂಕಿನಲ್ಲೇ ಡೀಸೆಲ್ ಹಾಕಿಸಿ, ಫಿಲ್ಟರಿನ ನೀರು ಆಗಾಗ ಬಿಡುವವರಿಗೆ ಸಿಆರ್‌ಡಿಇ ತೊಂದರೆ ಕೊಡುವ ಇಂಜಿನ್ ಅಲ್ಲ. ತೋಟದಲ್ಲಿ ಗಾಡಿ ಹತ್ತಾರು ಕೈ ಬದಲಾಗುತ್ತದೆ, ಅಲ್ಲಿ ಆ ಶಿಸ್ತು ನಿಲ್ಲುವುದು ಕಷ್ಟ.

ಬ್ಯಾಟರಿ ವಿಷಯವೂ ಹೀಗೇ. ಡಿಐ ಬ್ಯಾಟರಿ ಸತ್ತರೂ ಇಳಿಜಾರಲ್ಲಿ ತಳ್ಳಿದರೆ ಸ್ಟಾರ್ಟ್, ಹಳೆ ಗಾಡಿಗಳಲ್ಲಿ ನಿಲ್ಲಿಸುವುದೂ ಸ್ಟಾಪ್ ಕೇಬಲ್ ಎಳೆದು. ಸಿಆರ್‌ಡಿಇಗೆ ಕಂಪ್ಯೂಟರ್ ಎಚ್ಚರ ಇರುವಷ್ಟಾದರೂ ಕರೆಂಟ್ ಬೇಕು. ಹಳ್ಳ ದಾಟುವಾಗ ಮಾತ್ರ ಮೂರೂ ಒಂದೇ: ಏರ್ ಫಿಲ್ಟರಿಗೆ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹಾಗಾಗಿ ನಾನು ತಗೊಂಡಿದ್ದು ಡಿಐ. ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೋ ಮಂಗಳೂರಿಗೋ ಹೋಗಿಬರುವ ಕೆಲಸ ಇದ್ದಿದ್ದರೆ ಯೋಚನೆಯೇ ಇಲ್ಲದೆ ಥಾರ್ ಸಿಆರ್‌ಡಿಇ ತರುತ್ತಿದ್ದೆ. 2020ರ ಅಕ್ಟೋಬರ್ ನಂತರದ ಹೊಸ ಥಾರ್ ಕೂಡ ಈಗ ಸೆಕೆಂಡ್ ಹ್ಯಾಂಡಲ್ಲಿ ಸಿಗುತ್ತಿದೆ. 130 ಕುದುರೆ ಶಕ್ತಿಯ ಒಳ್ಳೆ ಡೀಸೆಲ್. ಆದರೆ ಬಿಎಸ್-6, ಅಂದರೆ ಹೊಸ ಹೊಗೆ ನಿಯಮದ, ಗಾಡಿಯ ಹೊಗೆ ಫಿಲ್ಟರ್ ಸುಟ್ಟು ಶುದ್ಧವಾಗಲು ದೂರದ ಓಟ ಬೇಕು. ತೋಟದೊಳಗೇ ಫಸ್ಟ್, ಸೆಕೆಂಡ್ ಗೇರಲ್ಲಿ ತಿರುಗಿದರೆ ಅದು ಕಟ್ಟಿಕೊಳ್ಳುತ್ತದೆ.

ಯಾವುದೇ ಇಂಜಿನ್ ಇರಲಿ, ನೋಡಲು ಬೆಳಿಗ್ಗೆ ಹೇಳದೆ ಹೋಗಿ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ, "ಈಗ ಒಂದ್ಸಲ ಸ್ಟಾರ್ಟ್ ಮಾಡಿಟ್ಟಿದ್ದೆ ಅಣ್ಣಾ" ಅಂದರೆ, ಮಾರನೇ ದಿನ ಮತ್ತೆ ಹೋಗಿ. ತಣ್ಣಗಿರುವ ಇಂಜಿನ್ನೇ ನಿಜ ಹೇಳುವುದು. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್, ಅಂದರೆ ಪಿಸ್ಟನ್ ಪಕ್ಕದಿಂದ ಸೋರಿ ಬರುವ ಹೊಗೆ, ನೋಡಿ. ಹಳೆ ಡಿಐನಲ್ಲಿ ಸಣ್ಣಗೆ ಹಬೆ ಇದ್ದರೆ ಪರವಾಗಿಲ್ಲ. ಬುಸ್ ಬುಸ್ ಅಂತ ಹೊಗೆ ತಳ್ಳಿ ಬಂದರೆ, ಪಿಸ್ಟನ್ ರಿಂಗ್, ಲೈನರ್ ಕೆಲಸ ಬಂದಿದೆ ಅಂತ ಅರ್ಥ. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಸೈಲೆನ್ಸರಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಲೋಡ್‌ನಲ್ಲಿ ಕಪ್ಪು ಹೊಗೆ ಬಂದರೆ ಪಂಪ್, ನಾಜಲ್ ಕಡೆ ನೋಡಿಸಿ.

ಇನ್ನು ಆರ್‌ಸಿ. ಹಳೆ ಪೆಟ್ರೋಲ್ ಜೀಪುಗಳಿಗೆ ಡಿಐ ಕೂರಿಸಿದ್ದು ನಮ್ಮ ಕಡೆ ಬೇಕಾದಷ್ಟಿವೆ. ಆರ್‌ಸಿಯಲ್ಲಿ ಇಂಧನ ಡೀಸೆಲ್ ಅಂತ ಇದೆಯಾ, ಇಂಜಿನ್ ಮೇಲೆ ಕೊರೆದ ನಂಬರ್ ತಾಳೆಯಾಗುತ್ತಾ, ಒಂದೊಂದೇ ಅಂಕಿ ಓದಿ ನೋಡಿ. ಆಯಿಲ್ ಮೆತ್ತಿಕೊಂಡಿದ್ದರೆ ಬಟ್ಟೆಯಲ್ಲಿ ಒರೆಸಿ ಓದಿ. ಇಂಜಿನ್ ಬದಲಾವಣೆ ಆರ್‌ಟಿಒದಲ್ಲಿ ದಾಖಲಾಗದಿದ್ದರೆ, ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಮಾಡಿಸುವ ರಿನೀವಲ್‌ನಲ್ಲಿ ಸಿಕ್ಕಿಬೀಳುತ್ತೀರಿ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಥಾರ್‌ಗಳೂ ಈ ಕಡೆ ಬರುತ್ತಿವೆ. ಬೆಲೆ ಕಡಿಮೆ ಕಾಣುತ್ತದೆ. ಎನ್‌ಒಸಿ, ಕೆಎ ನಂಬರ್, ಇಲ್ಲಿನ ಲೈಫ್ ಟ್ಯಾಕ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿದ ಮೇಲೆಯೇ ಅಡ್ವಾನ್ಸ್ ಕೊಡಿ.