ಫೋಲ್ಡಿಂಗ್ ಕ್ಯಾಮೆರಾ: ಕ್ಲಿಕ್ ಮಾಡುವ ಬಟನ್ ಎಲ್ಲಿದ್ದರೆ ವಾಸಿ?

ಮೊದಲೇ ಹೇಳಿಬಿಡುತ್ತೇನೆ, ಲೆನ್ಸನ್ನು ಒಳಕ್ಕೆ ಮಡಚಿಡುವ ಈ ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ನನ್ನ ವೋಟು ಮೇಲ್ಗಡೆ ಬಟನ್ನೇ ಇಲ್ಲದ ಕ್ಯಾಮೆರಾಕ್ಕೆ. ಲೆನ್ಸಿನ ಸುತ್ತ ಇರುವ ಶಟರ್‌ನ (ಕ್ಷಣಕಾಲ ತೆರೆದು ಬೆಳಕು ಬಿಡುವ ಭಾಗ) ಅಂಚಿನಲ್ಲೇ ಒಂದು ಚಿಕ್ಕ ಲಿವರ್, ಜೊತೆಗೆ ಕ್ಯಾಮೆರಾ ಮುಟ್ಟದೆ ಕ್ಲಿಕ್ ಮಾಡುವ ಕೇಬಲ್ ತಿರುಗಿಸಿ ಕೂರಿಸಲು ಒಂದು ತೂತು, ಅಷ್ಟೇ. ನನ್ನ ಹತ್ತಿರ ಇರುವ 1930ರ ದಶಕದ ಜೈಸ್ ಐಕಾನ್ ಇಕೊಂಟಾ 520/2 ಹಾಗಿದೆ. ಆದರೆ ಇದು ಗೊತ್ತಾಗಿದ್ದು ಇನ್ನೊಂದು ಜಾತಿಯದ್ದನ್ನು ದುಡ್ಡು ಕೊಟ್ಟು ತಂದು, ಒಂದು ಒಳ್ಳೆಯ ಬೆಳಗನ್ನು ಹಾಳುಮಾಡಿಕೊಂಡ ಮೇಲೆ.

ಆ ಇನ್ನೊಂದು, 50ರ ದಶಕದ 6×6 (ಸೆಂಟಿಮೀಟರಿನ ಚೌಕ ಫೋಟೋ ತೆಗೆಯುವ) ಕ್ಯಾಮೆರಾ. ಹೆಸರು ಬೇಡ, ತಪ್ಪಿನಲ್ಲಿ ನನ್ನ ಪಾಲೂ ಇದೆ. ಬಟನ್ ಈಗಿನ ಕ್ಯಾಮೆರಾಗಳ ಹಾಗೆ ಮೇಲ್ಗಡೆ. ಒತ್ತಿದರೆ ಒಳಗಿನ ಕಡ್ಡಿ ಕೆಳಗಿಳಿದು, ಒಂದು ಮಡಚುವ ತೋಳನ್ನು ತಳ್ಳಿ, ಆ ತೋಳು ಹೋಗಿ ಶಟರ್‌ನ ಲಿವರ್ ಎಳೆಯುತ್ತದೆ. ಜೊತೆಗೆ ಒಂದು ಲಾಕ್: ಒಮ್ಮೆ ಒತ್ತಿದ ಮೇಲೆ ಫಿಲ್ಮ್ ಮುಂದಕ್ಕೆ ಸುತ್ತುವವರೆಗೆ ಬಟನ್ ಇಳಿಯುವುದಿಲ್ಲ. ಒಂದೇ ಫ್ರೇಮಿನ ಮೇಲೆ ಎರಡು ಫೋಟೋ ಬೀಳಬಾರದೆಂದು ಈ ಏರ್ಪಾಡು. ಆಗ್ಫಾ ಐಸೊಲೆಟ್ 2, 3ರಲ್ಲೂ ರಷ್ಯಾದ ಮಾಸ್ಕ್ವಾ-5ರಲ್ಲೂ ಇಂಥದೇ ಲಾಕ್ ಇದೆ. ಕೇಳಲು ಚೆನ್ನಾಗಿದೆ.

ತೊಡಕು ಇರುವುದು ಇಲ್ಲಿ. ಈ ಕ್ಯಾಮೆರಾಗಳಲ್ಲಿ ಫಿಲ್ಮ್ ಸುತ್ತುವುದು ಬೇರೆ ಕೆಲಸ, ಶಟರ್ ಕಾಕ್ ಮಾಡುವುದು ಬೇರೆ ಕೆಲಸ. ಸುತ್ತಿದ ಮಾತ್ರಕ್ಕೆ ಶಟರ್‌ನ ಸ್ಪ್ರಿಂಗ್ ಬಿಗಿಯಾಗುವುದಿಲ್ಲ, ಅದನ್ನು ಲೆನ್ಸಿನ ಹತ್ತಿರ ಬೆರಳಿಟ್ಟು ಎಳೆಯಬೇಕು. ನನ್ನ ಕ್ಯಾಮೆರಾದ ಲಾಕ್‌ಗೆ ಶಟರ್ ತೆರೆಯಿತೋ ಇಲ್ಲವೋ ಗೊತ್ತಿಲ್ಲ. ಬಟನ್ ಕೆಳಗಿಳಿಯಿತು ಎಂಬುದಷ್ಟೇ ಗೊತ್ತು.

ಸಾಗರದ ಹತ್ತಿರ ದೊಡ್ಡಮ್ಮನ ಮನೆ. ಅಡಿಕೆ ಸುಲಿಯುವ ಕಾಲ. ಬೆಳಗಿನ ಬಿಸಿಲು ಜಗಲಿಯ ಮೇಲೆ ಓರೆಯಾಗಿ ಬಿದ್ದಿತ್ತು, ದೊಡ್ಡಮ್ಮ ಮೆಟ್ಟುಗತ್ತಿಯ ಮುಂದೆ ಕೂತಿದ್ದಳು, ಕೈಯಲ್ಲಿ ಅರ್ಧ ಸುಲಿದ ಅಡಿಕೆ. ದೂರ ಅಳೆದೆ, ಬೆಳಕು ಅಳೆದೆ, ಫೋಕಸ್ ಇಟ್ಟೆ, ಬಟನ್ ಒತ್ತಿದೆ. ‘ಟಿಕ್’ ಬರಲಿಲ್ಲ. ಕಾಕ್ ಮಾಡಲು ಮರೆತಿದ್ದೆ. ಸರಿ, ಕಾಕ್ ಮಾಡಿ ಮತ್ತೆ ಒತ್ತಿದೆ. ಬಟನ್ ಕಲ್ಲು. ಕ್ಯಾಮೆರಾದ ಲೆಕ್ಕದಲ್ಲಿ ಫೋಟೋ ಆಗಿಹೋಗಿತ್ತು. ‘ಆತನಾ ತಮಾ, ಯಂಗೆ ಕೆಲ್ಸ ಇದ್ದು’ ಎಂದಳು ದೊಡ್ಡಮ್ಮ. ಬೆನ್ನಿನ ಕೆಂಪು ಕಿಂಡಿ ನೋಡುತ್ತ ಮುಂದಿನ ನಂಬರ್ ಬರುವವರೆಗೆ ಸುತ್ತಿ ತಲೆಯೆತ್ತಿದರೆ, ಆಕೆ ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ಇಳಿದಾಗಿತ್ತು. ಆ ರೀಲಿನಲ್ಲಿ ಹೀಗೆ ಮೂರು ಫ್ರೇಮ್ ಖಾಲಿ ಹೋದವು, ಹನ್ನೆರಡರಲ್ಲಿ ಮೂರು! ರೀಲು, ಡೆವಲಪಿಂಗ್, ಸ್ಕ್ಯಾನ್ ಎಲ್ಲ ಸೇರಿಸಿದರೆ ಒಂದೊಂದು ಫ್ರೇಮಿಗೆ ನೂರು ರೂಪಾಯಿಗೆ ಮೇಲೆ ಬೀಳುತ್ತದೆ.

ದಾರಿ ಇಲ್ಲವೆಂದಲ್ಲ. ಲಾಕ್ ಇರುವುದು ಮೇಲಿನ ಬಟನ್‌ಗೆ, ಶಟರ್‌ಗಲ್ಲ. ಲೆನ್ಸಿನ ಪಕ್ಕ ಆ ತೋಳು ಬಂದು ತಾಗುವ ಲಿವರನ್ನು ಉಗುರಿನಲ್ಲಿ ತಳ್ಳಿದರೆ ಶಟರ್ ತೆರೆಯುತ್ತದೆ. ಶಟರ್‌ನಲ್ಲೇ ಕೇಬಲ್ ತೂತಿದ್ದರೆ ಇನ್ನೂ ಸುಲಭ. ಇದು ಗೊತ್ತಾದ ದಿನ ಅನ್ನಿಸಿದ್ದು, ಕೊನೆಗೂ ಕೈ ಅಲ್ಲಿಗೇ ಹೋಗಬೇಕಾದರೆ ಮೇಲಿನ ಬಟನ್ ಯಾತಕ್ಕೆ?

ಇಕೊಂಟಾದಲ್ಲಿ ಕಾಕ್ ಮಾಡಲು ಮರೆತರೆ ಏನೂ ಆಗುವುದಿಲ್ಲ. ಅದರ ಕಾಂಪುರ್ ಶಟರ್ ಸುಮ್ಮನಿರುತ್ತದೆ. ಎಳೆದು ಮತ್ತೆ ಒತ್ತಿದರಾಯಿತು, ಫ್ರೇಮ್ ಅಲ್ಲೇ ಇದೆ.

ಇದಕ್ಕೂ ಕೊರತೆ ಉಂಟು. ಲಿವರ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಬೆರಳಿನಲ್ಲಿ ಒತ್ತಿದರೆ ಮುಂಭಾಗ ಅಲುಗುತ್ತದೆ. ಶಟರ್ 1/100 ಸೆಕೆಂಡು ತೆರೆದರೆ ನಡೆಯುತ್ತದೆ, 1/25ಕ್ಕೆ ಇಳಿದರೆ ಮಸುಕು. ಅದಕ್ಕೇ ಕೇಬಲ್. ಇನ್ನು ಲಾಕ್ ಇಲ್ಲದ್ದರಿಂದ ಫೋಟೋದ ಮೇಲೆ ಫೋಟೋ ಬೀಳಬಹುದು. ನನಗೂ ಬಿದ್ದಿದೆ: ಅಂಗಳದಲ್ಲಿ ನಿಲ್ಲಿಸಿದ ಬೈಕು, ಅದರ ಸೀಟಿನ ಮೇಲೆ ತೆಳ್ಳಗೆ ಒಂದು ಕರು. ಫೋಟೋ ಆದ ತಕ್ಷಣ ಸುತ್ತಿಡಿ ಎನ್ನುವವರಿದ್ದಾರೆ. ಆದರೆ ಸುತ್ತಿಟ್ಟು ಮಡಚಿ ಮತ್ತೆ ಫಟ್ಟನೆ ಬಿಚ್ಚಿದರೆ ಬೆಲೋಸ್ (ಲೆನ್ಸಿನ ಹಿಂದಿನ ಮಡಿಕೆಯ ಚೀಲ) ತಿದಿಯ ಹಾಗೆ ಗಾಳಿ ಎಳೆದು ಫಿಲ್ಮ್ ಉಬ್ಬುವುದುಂಟು. ಹಾಗಾಗಿ ನನ್ನ ಕ್ರಮ ಹೀಗೆ: ಬಿಚ್ಚು, ಸುತ್ತು, ಕಾಕ್ ಮಾಡು, ಒತ್ತು. ಸುತ್ತದೆ ಕಾಕ್ ಮಾಡುವುದೇ ಇಲ್ಲ. ಆ ಕರುವಿನ ನಂತರ ಒಂದೂ ತಪ್ಪಿಲ್ಲ.

ಮೂರನೆಯದು, ಗೆಳೆಯನ ಹತ್ತಿರ ಇರುವ 30ರ ದಶಕದ ಫೋಕ್ಟ್‌ಲೆಂಡರ್ ಬೆಸ್ಸಾ. ಮುಂದಿನ ಬಾಗಿಲು ತೆರೆದರೆ ಅದರಲ್ಲೇ ಒಂದು ಟ್ರಿಗರ್ ಎದ್ದು ನಿಲ್ಲುತ್ತದೆ. ಒತ್ತುವ ಬಲ ಬಾಗಿಲಿನ ಮೇಲೆ ಬೀಳುವುದರಿಂದ ಕ್ಯಾಮೆರಾ ಅಲುಗುವುದು ಕಡಿಮೆ. ಕೈಯಲ್ಲಿ ಹಿಡಿದು ತೆಗೆಯುವುದಕ್ಕೆ ಮೂರರಲ್ಲಿ ಇದೇ ಚೆಂದ, ಒಪ್ಪಿಕೊಳ್ಳಬೇಕು. ಒಳ್ಳೆಯ ಸ್ಥಿತಿಯಲ್ಲಿರುವುದಕ್ಕೆ ಅವನು ಕೊಟ್ಟ ಬೆಲೆ ನನ್ನ ಕೈಗೆಟುಕುವುದಲ್ಲ.

ಓಡುವ ಮಕ್ಕಳನ್ನು ತೆಗೆಯುವವರು ಮೇಲಿನ ಬಟನ್ನಿನದ್ದನ್ನೇ ಕೊಳ್ಳಿ. ಕೊಳ್ಳುವ ಮೊದಲು ನಾಲ್ಕು ಸಲ ಮಡಚಿ ಬಿಚ್ಚಿ, ತೋಳು ಲಿವರಿಗೆ ಸರಿಯಾಗಿ ತಾಗುತ್ತದೆಯೇ ನೋಡಿ, ಸ್ವಲ್ಪ ಬಗ್ಗಿದ್ದರೂ ಕೆಲಸ ಕೆಟ್ಟಿತು. ನಾನು ದಿನಕ್ಕೆ ಎರಡೋ ಮೂರೋ ಫೋಟೋ ತೆಗೆಯುವವನು, ಅದೂ ಕೂತವರದ್ದು. ನನಗೆ ಲಿವರ್ ಮತ್ತು ಕೇಬಲ್ ಸಾಕು. ಕೇಬಲ್ ಕೊಳ್ಳುವಾಗ ಲಾಕ್ ಸ್ಕ್ರೂ ಇರುವುದನ್ನೇ ಕೇಳಿ. ಶಟರ್‌ನಲ್ಲಿ ‘ಬಿ’ ಎಂದಿರುತ್ತದಲ್ಲ, ಅದು ಬಲ್ಬ್. ದೀಪವಲ್ಲ, ಹಿಂದೆ ಹಿಸುಕಿ ಗಾಳಿ ಕಳಿಸಿ ಶಟರ್ ತೆರೆಯುತ್ತಿದ್ದ ರಬ್ಬರ್ ಉಂಡೆ. ‘ಬಿ’ಯಲ್ಲಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುತ್ತದೆ, ರಾತ್ರಿ ಹಾಗಿಟ್ಟು ತೆಗೆಯುವಾಗ ಕೇಬಲ್ಲಿನ ಆ ಸ್ಕ್ರೂ ಬಿಗಿದರೆ ಬೆರಳು ಸೋಲುವುದಿಲ್ಲ.