ಚಾಳೀಸು ಬಂದ ಕಣ್ಣಿಗೆ ಪೀಪ್ ಲೆನ್ಸ್: ಹಗಲಿಗೆ ಸೈ, ಮುಸ್ಸಂಜೆಗೆ ಅಲ್ಲ

ನನ್ನ ಬೇಟೆ ಬಿಲ್ಲಿನ ಪೀಪ್ ಒಳಗೆ, ಅಂದರೆ ಹೆದೆಯಲ್ಲಿ ಕೂರಿಸಿ ಕಣ್ಣಿಟ್ಟು ನೋಡುವ ಪುಟ್ಟ ರಂಧ್ರದೊಳಗೆ, ವೆರಿಫೈಯರ್ ಎಂಬ ಲೆನ್ಸ್ ಹಾಕಿಸಿ ಮಳೆಗಾಲ, ಚಳಿಗಾಲ, ಬೇಸಿಗೆ ಎಲ್ಲ ಕಳೆದಿವೆ. ಬಟಾಣಿಗಿಂತ ಚಿಕ್ಕ ಗಾಜು ಅದು. ನನ್ನ ಕಣ್ಣಿಂದ ಜಾರಿಹೋಗಿದ್ದ ಪಿನ್ನನ್ನು, ಬಿಲ್ಲಿನ ಮುಂಭಾಗದ ಸೈಟಿನಲ್ಲಿ ಗುರಿ ಹಿಡಿಯುವ ಚುಕ್ಕಿಯನ್ನು, ವಾಪಸ್ ತಂದುಕೊಟ್ಟಿತು. ಆದರೆ ಬಿಲ್ಲು ಹಿಡಿದು ಕಾಯಲು ನನಗೆ ಎಲ್ಲಕ್ಕಿಂತ ಇಷ್ಟವಾದ ಹೊತ್ತು ಒಂದಿದೆ, ಹೊತ್ತು ಮುಳುಗುವ ಮುಂಚಿನ ಅರ್ಧ ಗಂಟೆ. ಅದನ್ನು ಇದೇ ಗಾಜು ಕಿತ್ತುಕೊಂಡಿತು. ಹಾಗಾಗಿ ಹೊಗಳಿಕೆ, ದೂರು ಎರಡೂ ಇಲ್ಲಿರುತ್ತವೆ.

ತೊಂದರೆ ಏನೆಂದು ಐವತ್ತು ದಾಟಿದ ಬಿಲ್ಲುಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಹೆದೆಯನ್ನು ಪೂರ್ತಿ ಎಳೆದು, ಕೈಗೆಣ್ಣು ದವಡೆಗೆ ಊರಿ, ಮೂಗಿನ ತುದಿಗೆ ಹೆದೆ ತಾಗಿಸಿ ನೋಡಿದರೆ ದೂರದ ಗುರಿ ಚೆನ್ನಾಗಿಯೇ ಕಾಣುತ್ತದೆ. ಪಿನ್ ಮಾತ್ರ ಹರಡಿಕೊಂಡಿರುತ್ತದೆ. ಹಸಿರು ಚುಕ್ಕಿ ಇರಬೇಕಾದ ಕಡೆ ಒಂದು ಹಸಿರು ಗೀರು, ಅದರ ಪಕ್ಕದಲ್ಲೇ ಇನ್ನೊಂದು ಮಂಕು ಗೀರು. ನನ್ನದು ಐದು ಪಿನ್ನಿನ ಸೈಟ್. ಇಪ್ಪತ್ತು ಮೀಟರ್ ಪಿನ್ ಯಾವುದು, ಮೂವತ್ತರದ್ದು ಯಾವುದು ಎಂದು ಮೇಲಿಂದ ಎಣಿಸುವಷ್ಟರಲ್ಲಿ ತೋಳು ನಡುಗಲು ಶುರು. ಬಿಲ್ಲಿನಲ್ಲಿ ದೋಷವಿಲ್ಲ, ತೋಳಿನಲ್ಲೂ ಇಲ್ಲ ಎಂದು ಗೊತ್ತಿದ್ದೂ ನಾಟಿದ ಬಾಣಗಳ ಗುಂಪು ಹಿಗ್ಗುತ್ತಾ ಹೋಗುವುದನ್ನು ನೋಡುವುದು ಬಹಳ ಬೇಸರದ ಸಂಗತಿ.

ಲೆಕ್ಕ ಸರಳ. ಪೂರ್ತಿ ಎಳೆದಾಗ ಪಿನ್ ಕಣ್ಣಿನಿಂದ ಸುಮಾರು 80 ಸೆಂಟಿಮೀಟರ್ ದೂರದಲ್ಲಿರುತ್ತದೆ. ಅಷ್ಟು ದೂರದ ವಸ್ತು ಸ್ಪಷ್ಟವಾಗಿ ಕಾಣಲು ಕಣ್ಣಿನೊಳಗಿನ ಮಸೂರ, ಲೆನ್ಸ್ ಪವರಿನ ಅಳತೆಯಲ್ಲಿ, 1.25 ಡಯಾಪ್ಟರ್‌ನಷ್ಟು ಬಾಗಿಕೊಡಬೇಕು. ಹತ್ತು ವರ್ಷದ ಮಗುವಿನ ಕಣ್ಣಿಗೆ ಹನ್ನೆರಡರ ಆಸುಪಾಸು ಬಾಗುವ ಶಕ್ತಿ ಇರುತ್ತದೆ, ಅರವತ್ತರ ಹೊತ್ತಿಗೆ ಉಳಿಯುವುದು ಒಂದರ ಆಸುಪಾಸು. ಗುರಿಯೋ ಇಪ್ಪತ್ತು ಮೀಟರ್ ಆಚೆ. ಅದಕ್ಕೆ ಮಸೂರ ಬಾಗುವ ಅಗತ್ಯವೇ ಇಲ್ಲ ಎನ್ನಬಹುದು. ಚಿಕ್ಕ ವಯಸ್ಸಿನ ಕಣ್ಣು ಪಿನ್ನಿಗೂ ಗುರಿಗೂ ಕ್ಷಣಮಾತ್ರದಲ್ಲಿ ಓಡಾಡುತ್ತದೆ, ಹಾಗಾಗಿ ಎರಡೂ ಒಟ್ಟಿಗೆ ಕಂಡಂತೆ ಅನಿಸುತ್ತದೆ. ನಮ್ಮ ಕಣ್ಣು ಗುರಿಯ ಹತ್ತಿರವೇ ನಿಂತುಬಿಡುತ್ತದೆ.

ಈ ಲೆನ್ಸ್ ಮಾಡುವುದಿಷ್ಟೇ: ಪ್ಲಸ್ ಪವರಿನ ಗಾಜನ್ನು ಪೀಪಿನಲ್ಲಿಟ್ಟು, ಕಣ್ಣಿನ ಮಸೂರದಿಂದ ಆಗದ ಕೆಲಸವನ್ನು ತಾನು ಮಾಡುತ್ತದೆ. ಪಿನ್ ಗಟ್ಟಿಯಾಗುತ್ತದೆ, ಬದಲಿಗೆ ಗುರಿ ತುಸು ಮೆತ್ತಗಾಗುತ್ತದೆ. ಕ್ಲಾರಿಫೈಯರ್ ಎಂದು ಸಿಗುವುದು ಬೇರೆ ಸಾಮಾನು, ಮೈನಸ್ ಪವರಿನದು. ಬಿಲ್ಲಿನ ಮುಂಭಾಗದ ಸೈಟಿನ ದುಂಡು ಕವಚದಲ್ಲಿ (ಸ್ಕೋಪ್) ದೊಡ್ಡದು ಮಾಡಿ ತೋರಿಸುವ ಲೆನ್ಸ್ ಇಟ್ಟವರಿಗೆ ಅದು ಬೇಕು. ಬರೀ ಪಿನ್ ಇರುವ ಸೈಟಿಗೆ ಕ್ಲಾರಿಫೈಯರ್ ಹಾಕಿದರೆ ಪಿನ್ ಇನ್ನಷ್ಟು ಕೆಡುತ್ತದೆ. ಕೊಳ್ಳುವಾಗ ಹೆಸರನ್ನು ಎರಡೆರಡು ಸಲ ಓದಿ.

ಪವರ್ ಆರಿಸುವುದರಲ್ಲೇ ಎಲ್ಲ ಇರುವುದು. ಪಿನ್ ಸೂಜಿಮೊನೆಯಷ್ಟು ಚೂಪಾಗಿ ಕಾಣುವ ಲೆನ್ಸ್ ನಿಮಗೆ ಬೇಡ. ಅಷ್ಟು ಪವರ್ ಇದ್ದರೆ ಅಭ್ಯಾಸಕ್ಕೆ ಗುರಿಯಾಗಿ ಇಡುವ ಕಂದು ಬಣ್ಣದ ಫೋಮ್ ಜಿಂಕೆ ಹಿಂದಿನ ಪೊದೆಯೊಳಗೆ ಕರಗಿಹೋಗುತ್ತದೆ. ನಾನು ಒಂದು ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕಿ ಇಟ್ಟು, ಅದರ ಪಕ್ಕದಲ್ಲಿ ನೆರಳಿರುವ ಕಡೆ ಫೋಮ್ ಪ್ರಾಣಿಯನ್ನು ನಿಲ್ಲಿಸಿ, ಅತಿ ಕಡಿಮೆ ಪವರಿನಿಂದ ಶುರುಮಾಡಿ ಒಂದೊಂದಾಗಿ ಮೇಲೆ ಹೋದೆ. ಪಿನ್ನಿನ ಅವಳಿ ಗೀರು ಸೇರಿಕೊಂಡು ಒಂದೇ ಚುಕ್ಕಿಯಾದ ಮೊದಲ ಲೆನ್ಸಿನಲ್ಲೇ ನಿಂತೆ. ಚುಕ್ಕಿಯ ಅಂಚು ಸ್ವಲ್ಪ ಮೃದುವಾಗಿದೆ, ಇರಲಿ. ಜಿಂಕೆಯ ಮುಂಗಾಲಿನ ಹಿಂದಿನ ಮಡಿಕೆ ನನಗೆ ಕಾಣಬೇಕು, ಅದು ಕಾಣುತ್ತಿದೆ. ಓದುವ ಕನ್ನಡಕದ ನಂಬರ್ ಹೇಳಿ ಲೆನ್ಸ್ ತರಿಸಿಕೊಳ್ಳಲು ಹೋಗಬೇಡಿ. ಓದುವ ನಂಬರ್ ಇರುವುದು 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ, ಪಿನ್ ಅದರ ಎರಡರಷ್ಟು ದೂರದಲ್ಲಿದೆ. ಬೇರೆ ಬೇರೆ ಪವರಿನ ಲೆನ್ಸ್‌ಗಳು ಒಟ್ಟಿಗೆ ಬರುವ ಪೆಟ್ಟಿಗೆ ಸಿಕ್ಕಿದರೆ ಅದನ್ನೇ ಕೊಳ್ಳಿ. ಇಂದಿನ ಪವರ್ ಇನ್ನೊಂದಿಷ್ಟು ವರ್ಷಕ್ಕೆ ಸಾಲದೆ ಹೋಗಬಹುದು, ಆಗ ಮುಂದಿನದು ಮನೆಯಲ್ಲೇ ಇರುತ್ತದೆ.

ಇನ್ನು ಆ ಮೊದಲ ಸಂತೋಷ. ಬೆಳಗ್ಗೆ ಒಂಬತ್ತರ ಬಿಸಿಲಿನಲ್ಲಿ ಎಳೆದು ನೋಡಿದಾಗ ಹಸಿರು ಪಿನ್ ಗುಂಡಗೆ, ಒಂಟಿಯಾಗಿ, ಅಲ್ಲಾಡದೆ ನಿಂತಿತ್ತು. ಎಣಿಸಬೇಕಾಗಿರಲಿಲ್ಲ. ಕೆಳಗಿನ ಪಿನ್ನುಗಳ ನಡುವಿನ ಖಾಲಿ ಜಾಗವೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ನಲವತ್ತು ಮೀಟರಿನಲ್ಲಿ ಬಾಣಗಳು ಮತ್ತೆ ಒಂದರ ಪಕ್ಕ ಒಂದು ನಾಟತೊಡಗಿದವು. ಅವನ್ನು ಕೀಳಲು ನಡೆದು ಹೋಗುವಾಗಿನ ಖುಷಿಯನ್ನು ಬರೆದು ಮುಗಿಸಲಾರೆ. ಕಣ್ಣು ಹೋಯಿತು, ಇನ್ನು ಬಿಲ್ಲು ಗೋಡೆಗೆ ತೂಗುಹಾಕುವುದೇ ಸರಿ ಎಂದುಕೊಂಡಿರುವ ಯಾರೇ ಆಗಲಿ, ಆ ತೀರ್ಮಾನಕ್ಕೆ ಮುಂಚೆ ಒಮ್ಮೆ ಇದನ್ನು ಹಾಕಿ ನೋಡಿ.

ಕನ್ನಡಕದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಈ ಲೆನ್ಸ್ ಅಸ್ಟಿಗ್ಮ್ಯಾಟಿಸಂ (ಕಣ್ಣು ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರದ ದೋಷ) ಸರಿಪಡಿಸುವುದಿಲ್ಲ. ಪಿನ್ನಿನ ಬೆಳಕು ನಕ್ಷತ್ರದ ಹಾಗೆ ಕವಲೊಡೆದು ಕಂಡರೆ ಅದಕ್ಕೆ ಸಿಲಿಂಡರ್ ಪವರ್ ಇರುವ ಕನ್ನಡಕವೇ ಬೇಕು, ಅದರ ಮೇಲೆ ಈ ಲೆನ್ಸ್. ದೂರಕ್ಕೂ ಓದಿಗೂ ಒಂದೇ ಗಾಜಿನಲ್ಲಿ ಪವರ್ ಇರುವ ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡು ಬಿಲ್ಲು ಎಳೆದವರಿಗೆ ಗೊತ್ತಿರುತ್ತದೆ: ತಲೆ ಪಕ್ಕಕ್ಕೆ ತಿರುಗಿರುವುದರಿಂದ ಬಲಗಣ್ಣು ನೋಡುವುದು ಗಾಜಿನ ಮೂಗಿನ ಕಡೆಯ ಮೇಲ್ಮೂಲೆಯಿಂದ. ಅಲ್ಲಿ ಚಿತ್ರ ಎಳೆದಂತೆ ಸೊಟ್ಟಗಾಗುತ್ತದೆ. ನಾನು ದೂರದೃಷ್ಟಿಗೆ ಮಾತ್ರ ಇರುವ ಒಂದೇ ಪವರಿನ, ಅಗಲ ಗಾಜಿನ ಹಳೆಯ ಕನ್ನಡಕವನ್ನು ಬಿಲ್ಲಿಗೆಂದೇ ಮೀಸಲಿಟ್ಟಿದ್ದೇನೆ. ಅದೂ ಇದೂ ಸೇರಿದ ಮೇಲೆಯೇ ಚುಕ್ಕಿ ಗುಂಡಗಾದದ್ದು.

ದಿನದ ಆರೈಕೆ ನನಗೆ ಈಗ ಪ್ರೀತಿಯ ಕೆಲಸ. ಹೊರಡುವ ಮುಂಚೆ ಬಿಲ್ಲನ್ನು ಮಂಡಿಯ ಮೇಲೆ ಅಡ್ಡ ಮಲಗಿಸಿ, ಪೀಪಿನೊಳಗಿನ ತಿರುಪಿನ ಬಳೆಯನ್ನು ಪುಟ್ಟ ಕೀಲಿಯಿಂದ ಬಿಚ್ಚುತ್ತೇನೆ. ಲೆನ್ಸ್ ಅಂಗೈಗೆ ಜಾರುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿರಲೇಬೇಕು, ಹುಲ್ಲಿಗೆ ಬಿದ್ದರೆ ಸಿಗುವುದಿಲ್ಲ. ಹತ್ತಿ ಸುತ್ತಿದ ಕಡ್ಡಿಯ ತುದಿಯನ್ನು ಒದ್ದೆ ಮಾಡಿ ನಡುವಿನಿಂದ ಅಂಚಿಗೆ ಸುತ್ತಿಸುತ್ತಾ ಒರೆಸುವುದು, ಒಣಗಿದ ತುದಿಯಿಂದ ಇನ್ನೊಮ್ಮೆ, ಆಮೇಲೆ ಬೆಳಕಿಗೆ ಹಿಡಿದು ನೋಡುವುದು. ಹೆದೆಗೆ ಹಚ್ಚುವ ಮೇಣದ ಜಿಡ್ಡು ಹೇಗೋ ಗಾಜಿನ ಅಂಚಿಗೆ ಬಂದು ಕೂತಿರುತ್ತದೆ. ಕಣ್ಣಿಗೆ ಇಷ್ಟು ಹತ್ತಿರ ಇರುವ ಗಾಜಿನಲ್ಲಿ ಅಷ್ಟು ಜಿಡ್ಡು ಸಾಕು, ಇಡೀ ಗುರಿಗೆ ಹೊಗೆ ಕವಿಯುತ್ತದೆ. ವಾಪಸ್ ಹಾಕುವಾಗ ರಬ್ಬರ್ ಬಳೆ ಸರಿಯಾಗಿ ಕೂತಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡುತ್ತೇನೆ. ನನ್ನದು ತುದಿಗಳಲ್ಲಿ ಗಾಲಿ ಇರುವ ಕಾಂಪೌಂಡ್ ಬಿಲ್ಲು, ಅದರ ಪ್ರತಿ ಹೊಡೆತಕ್ಕೂ ಹೆದೆ ಅದುರುತ್ತದೆ, ತಿರುಪು ತಾನಾಗಿ ಸಡಿಲವಾಗುತ್ತದೆ. ಕೊನೆಗೆ ಕಣ್ಣು ಮುಚ್ಚಿ ಎಳೆದು, ನೆಲೆಯಾದ ಮೇಲೆ ಕಣ್ಣು ತೆರೆಯುತ್ತೇನೆ. ಪೀಪ್ ತಿರುಗಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಮಳೆ ಮುಂದೆ ಸೋಲುತ್ತೇವೆ. ಬರೀ ರಂಧ್ರದಲ್ಲಿ ನೀರು ನಿಂತರೆ ಜೋರಾಗಿ ಊದಿದರೆ ಸಾಕು. ಗಾಜಿನ ಮೇಲೆ ಒಂದು ಹನಿ ಕೂತರೆ ಅದನ್ನು ಊದಲಾಗುವುದಿಲ್ಲ, ಒರೆಸಬೇಕು, ಅಷ್ಟು ಚಿಕ್ಕ ಗುಳಿಯೊಳಗೆ ಬೆರಳು ಹೋಗುವುದಿಲ್ಲ. ಚಳಿಯ ಬೆಳಗಿನಲ್ಲಿ ಇನ್ನೊಂದು ಕಾಟ. ಪೂರ್ತಿ ಎಳೆದಾಗ ಪೀಪ್ ಮೂಗಿನ ಹತ್ತಿರವೇ ಇರುತ್ತದೆ, ತಣ್ಣಗಿರುವ ಗಾಜಿಗೆ ನಮ್ಮ ಉಸಿರು ತಾಗಿ ಮಂಜು ಕಟ್ಟುತ್ತದೆ. ಎಳೆಯುವ ಮುಂಚೆ ಉಸಿರು ಬಿಟ್ಟು, ಎಳೆದ ಮೇಲೆ ಕೆಳತುಟಿಯ ಸಂದಿನಿಂದ ಕೆಳಕ್ಕೆ ಬಿಡುವುದನ್ನು ರೂಢಿ ಮಾಡಿಕೊಂಡೆ. ತಣ್ಣನೆಯ ಎಸಿ ಕಾರಿನಿಂದ ಬಿಲ್ಲನ್ನು ಸೀದಾ ತೇವದ ಗಾಳಿಗೆ ತಂದರೂ ಇದೇ ಗತಿ, ಸ್ವಲ್ಪ ಹೊತ್ತು ಹೊರಗಿಟ್ಟು ಕಾಯಬೇಕು. ಇಷ್ಟನ್ನು ಹೊಂದಾಣಿಕೆ ಮಾಡಿಕೊಳ್ಳಬಹುದು, ಮಾಡಿಕೊಂಡಿದ್ದೇನೆ.

ಹೊಂದಾಣಿಕೆ ಆಗದೆ ಇರುವುದು ಮುಸ್ಸಂಜೆ. ನನ್ನ ಸಿಟ್ಟು ಇರುವುದು ಇಲ್ಲೇ, ಮತ್ತು ಅದು ಗಾಜಿನ ಮೇಲಲ್ಲ. ಗಾಜು ಕದಿಯುವ ಬೆಳಕು ಕಡಿಮೆ. ಮೇಲೆ ಲೇಪನ ಇಲ್ಲದಿದ್ದರೂ ಎರಡೂ ಮೈಯಿಂದ ಪ್ರತಿಫಲನವಾಗಿ ಹೋಗುವುದು ನೂರಕ್ಕೆ ಎಂಟರಷ್ಟು. ಸಮಸ್ಯೆ ಅದನ್ನು ಕೂರಿಸಿರುವ ಚೌಕಟ್ಟಿನದು. ನನ್ನ ಹಳೆಯ ಬೇಟೆ ಪೀಪಿನ ರಂಧ್ರ 3/16 ಇಂಚು. ಈ ಲೆನ್ಸ್ ಬಂದಿರುವ ಚೌಕಟ್ಟಿನದು 1/8 ಇಂಚು. ಅಗಲದಲ್ಲಿ ಮೂರನೇ ಒಂದು ಪಾಲು ಕಡಿಮೆ, ಆದರೆ ಬೆಳಕು ನುಗ್ಗುವ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಕಡಿತ. ಹಗಲಿನಲ್ಲಿ ಇದರಿಂದ ಲಾಭವೇ ಇದೆ, ಏಕೆಂದರೆ ಚಿಕ್ಕ ರಂಧ್ರ ತಾನೇ ಪಿನ್ನನ್ನೂ ಗುರಿಯನ್ನೂ ಒಂದಿಷ್ಟು ಚೂಪು ಮಾಡುತ್ತದೆ. ಸಂಜೆ ಆಯಿತೋ, ಮರದ ನೆರಳಿನ ಕಂದು ಪ್ರಾಣಿ ಕಪ್ಪು ಮುದ್ದೆಯಾಗುತ್ತದೆ. ಬಿಲ್ಲು ಇಳಿಸಿ ನೋಡಿದರೆ ಕಿವಿ, ಕತ್ತು, ಕಾಲು ಎಲ್ಲ ಕಾಣುತ್ತವೆ! ಎತ್ತಿ ಎಳೆದರೆ ಏನೂ ಇಲ್ಲ.

ವಯಸ್ಸಾದ ಕಣ್ಣಿಗೆ ಬೇಕಿರುವುದು ಹೆಚ್ಚು ಬೆಳಕು. ನಮ್ಮ ಪಾಪೆ ಮೊದಲಿನಷ್ಟು ಅಗಲಿಸುವುದಿಲ್ಲ, ಕಣ್ಣಿನ ಮಸೂರ ಹಳದಿಯಾಗುತ್ತಾ ಬರುತ್ತದೆ. ವಯಸ್ಸಾದವರಿಗೆಂದೇ ಮಾಡಿದ ವಸ್ತುವಿನಲ್ಲಿ ಬೆಳಕಿನ ದಾರಿಯನ್ನೇ ಕಿರಿದು ಮಾಡಿದ್ದಾರಲ್ಲ, ಇದನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಇನ್ನೂ ಒಂದಿದೆ. ಸೈಟಿನ ದುಂಡು ಕವಚ ಪೀಪಿನ ದುಂಡಿನೊಳಗೆ ಸಮನಾಗಿ ಕೂರುವುದನ್ನು ನೋಡಿಕೊಂಡೇ ನಾವು ನೆಲೆ ಹಿಡಿಯುವುದು. ರಂಧ್ರ ಚಿಕ್ಕದಾದ ಮೇಲೆ ಕವಚದ ಅಂಚು ಹೊರಗೆ ಉಳಿಯಿತು, ನಾನು ಮೊದಲಿನಿಂದ ನಂಬಿದ್ದ ಅಳತೆ ಹೋಯಿತು. ಬರಿಯ ಪಿನ್ನನ್ನು ರಂಧ್ರದ ನಡುವೆ ತರುವುದನ್ನು ಹೊಸದಾಗಿ ಕಲಿತೆ.

ಹಾಗಾಗಿ ಈಗ ಮಾಡುವುದು ಇದು. ಹಗಲಿನ ಅಭ್ಯಾಸಕ್ಕೆ, ಫೋಮ್ ಪ್ರಾಣಿಗಳ 3ಡಿ ಸುತ್ತಿಗೆ ಲೆನ್ಸ್ ಇರುತ್ತದೆ. ದೂರ ಹೇಳದೆ 45 ಮೀಟರ್‌ವರೆಗೂ ಗುರಿ ಇಡುವ ಆ ಆಟದಲ್ಲಿ 11 ಅಂಕದ ಪುಟ್ಟ ವೃತ್ತಕ್ಕೆ ಪಿನ್ ಒರಗಿಸಲು ಇದಿಲ್ಲದೆ ನನಗೆ ಆಗದು. ಸಂಜೆ ಕೂರುವುದಾದರೆ ಲೆನ್ಸ್ ಚೌಕಟ್ಟು ತೆಗೆದು 3/16ರ ಬರಿಯ ರಂಧ್ರ ಹಾಕುತ್ತೇನೆ, ಮಸುಕಾದ ಪಿನ್ನನ್ನು ಒಪ್ಪಿಕೊಂಡು ಇಪ್ಪತ್ತು ಮೀಟರ್ ಆಚೆಗೆ ಬಾಣ ಬಿಡುವುದಿಲ್ಲ. ಗುರಿ ಕಾಣದೆ ಬಿಟ್ಟ ಬಾಣ ಜೀವಂತ ಪ್ರಾಣಿಯನ್ನು ಗಾಯ ಮಾಡಿ ಓಡಿಸುತ್ತದೆ. ಅದಕ್ಕಿಂತ ಸುಮ್ಮನೆ ಇಳಿದು ಬರುವುದು ಮೇಲು. ಮೇಲಿನ ಪಿನ್ನನ್ನು .019ರಿಂದ .029 ಇಂಚಿನ ದಪ್ಪ ಹಸಿರು ಫೈಬರ್‌ಗೆ ಬದಲಾಯಿಸಿದ್ದು ಕತ್ತಲಲ್ಲಿ ನಿಜಕ್ಕೂ ನೆರವಾಯಿತು. ಮಂದ ಬೆಳಕಿನಲ್ಲಿ ಕಣ್ಣಿಗೆ ಕೆಂಪಿಗಿಂತ ಹಸಿರು ಬೇಗ ಸಿಗುತ್ತದೆ. ಲೆನ್ಸ್ ತೆಗೆದಾಗ ನನ್ನ ಬಿಲ್ಲಿನಲ್ಲಿ ಗುಂಪು ಒಂದು ಬೆರಳಿನಷ್ಟು ಸರಿಯುತ್ತದೆ, ನೀವೂ ಎರಡೂ ರೀತಿಯಲ್ಲಿ ಹೊಡೆದು ನೋಡಿಕೊಂಡಿರಿ.

ಗಾಜಿನಲ್ಲಿ ಬೆಳಕಿನ ಚುಕ್ಕಿ ಮೂಡಿಸುವ ರೆಡ್ ಡಾಟ್ ಸೈಟ್ ಹಾಕಬಹುದಲ್ಲ ಎಂದು ಕೇಳುವವರಿಗೆ: ಹೌದು, ಅದರ ಚುಕ್ಕಿ ಗುರಿಯಷ್ಟೇ ದೂರದಲ್ಲಿ ಇದ್ದಂತೆ ಕಾಣುವುದರಿಂದ ಚಾಳೀಸಿನ ತಕರಾರು ಅಲ್ಲಿಗೆ ಮುಗಿಯುತ್ತದೆ. ನನ್ನ ಸೈಟ್ ಇನ್ನೂ ಗಟ್ಟಿಮುಟ್ಟಾಗಿದೆ, ಅದನ್ನು ತೆಗೆದಿಟ್ಟು ಅಷ್ಟು ದುಡ್ಡು ಸುರಿಯಲು ನನಗೆ ಮನಸ್ಸಿಲ್ಲ. ಈ ಲೆನ್ಸಿಗೆ ಕೊಟ್ಟದ್ದು ಅದರ ಮುಂದೆ ಏನೂ ಅಲ್ಲ, ಆ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ. ಗಾಲಿ ಇಲ್ಲದ, ತುದಿ ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನವರು ಇತ್ತ ನೋಡುವ ಅಗತ್ಯವಿಲ್ಲ, ಬಿಲ್ಲುಗಾರಿಕೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ವರ್ಲ್ಡ್ ಆರ್ಚರಿಯ ನಿಯಮದಲ್ಲಿ ಅವರಿಗೆ ಪೀಪೂ ಇಲ್ಲ, ಸೈಟಿನಲ್ಲಿ ಲೆನ್ಸಿಗೂ ಅವಕಾಶವಿಲ್ಲ. ಮತ್ತೆ, ಲೆನ್ಸ್ ಹಾಕಿದ ಮೇಲೂ ಪಿನ್ನಿನ ಸುತ್ತ ಬೆಳಕಿನ ಬಳೆ ಕಂಡು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಇನ್ನೊಂದು ಪವರ್ ತರಿಸಬೇಡಿ, ಕಣ್ಣಿನ ಡಾಕ್ಟರಿಗೆ ತೋರಿಸಿ. ಪೊರೆ ಬರುವಾಗಲೂ ಹಾಗೆಯೇ ಆಗುತ್ತದೆ.

ತಯಾರಕರಿಗೆ ಬರೆದಿದ್ದೇನೆ: ಇದೇ ಪವರ್, 3/16 ಇಂಚಿನ ಚೌಕಟ್ಟಿನಲ್ಲಿ ಕೊಡಿ. ಉತ್ತರ ಬಂದಿಲ್ಲ. ಬೇರೆ ಯಾರಾದರೂ ಮಾಡಿದರೂ ಆಯಿತು, ಸಿಕ್ಕ ದಿನವೇ ಹೆದೆಗೆ ಕಟ್ಟಿಸುತ್ತೇನೆ.