ಕಮಿಟ್ ಮೆಸೇಜ್ ಬರೆಯೋಕೆ ವಿಮ್, ನ್ಯಾನೊ, ವಿಎಸ್ ಕೋಡ್: ಮೂರನ್ನೂ ಬಳಸಿ ನೋಡಿದೆ

ಮೂಡಿಗೆರೆಯ ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ. ಹಗಲು ಆಫೀಸಿನ ಕೋಡ್, ಅದರ ಕಮಿಟ್ ಮೆಸೇಜ್ (ಪ್ರತಿ ಬದಲಾವಣೆ ದಾಖಲಿಸುವಾಗ ಬರೆಯುವ ಟಿಪ್ಪಣಿ) ಎಲ್ಲಾ ಇಂಗ್ಲಿಷು. ಸಂಜೆ ಅಪ್ಪನ ತೋಟದ ಮಳೆ ಲೆಕ್ಕವನ್ನೂ ಫೈಲುಗಳ ಬದಲಾವಣೆಯ ಇತಿಹಾಸ ಇಡುವ ಗಿಟ್‌ಗೆ ಹಾಕುತ್ತೇನೆ, ಅದರ ಮೆಸೇಜ್ ಕನ್ನಡ. ಎರಡಕ್ಕೂ ಒಂದೇ ಎಡಿಟರ್ (ಬರೆಯುವ ತಂತ್ರಾಂಶ) ಸಾಕು ಅಂದುಕೊಂಡಿದ್ದೆ.

ನ್ಯಾನೊ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಉಳಿಸೋದು, ಹೊರಬರೋದು ಹೇಗೆ ಅಂತ ಪರದೆಯ ಕೆಳಗೇ ಬರೆದಿರುತ್ತದೆ. ಹೊಸಬರಿಗೆ ಸಾಕು. ನನಗೆ ಒಂದೇ ವಾರಕ್ಕೆ ಸಪ್ಪೆ ಅನ್ನಿಸಿತು.

ವಿಮ್ ಹಾಗಲ್ಲ. ತೆರೆದಿರುವುದು ಕಮಿಟ್ ಮೆಸೇಜ್ ಅಂತ ಅದಕ್ಕೇ ಗೊತ್ತಾಗುತ್ತದೆ. ಮೊದಲ ಸಾಲು 50 ಅಕ್ಷರ ದಾಟಿದರೆ ಬಣ್ಣ ಬದಲಾಗುತ್ತದೆ, ಕೆಳಗಿನ ಸಾಲುಗಳು 72ಕ್ಕೆ ತಾವೇ ಮುರಿಯುತ್ತವೆ. 72 ಯಾಕೆ ಅಂದರೆ, ಹಳೇ ಮೆಸೇಜ್ ತೋರಿಸುವ ಗಿಟ್ ಲಾಗ್ ಎಡಕ್ಕೆ 4 ಜಾಗ ಬಿಡುತ್ತದೆ. ಬಲಕ್ಕೂ 4 ಬಿಟ್ಟರೆ ಹಳೇ ಟರ್ಮಿನಲ್‌ನ (ಆದೇಶ ಟೈಪ್ ಮಾಡುವ ಕಿಟಕಿ; ವಿಮ್, ನ್ಯಾನೊ ತೆರೆಯೋದೂ ಅದರಲ್ಲೇ) 80 ಅಕ್ಷರದ ಅಗಲಕ್ಕೆ ಸರಿಹೋಗುತ್ತದೆ. ನಾನು ಸೇರಿಸಿದ್ದು ಸ್ಪೆಲ್ ಚೆಕ್ ಒಂದೇ. ಅರ್ಧ ಬರೆದ ಮೇಲೆ ಬೇಡ ಅನ್ನಿಸಿದರೆ ಕೋಲನ್, ಸಿ, ಕ್ಯೂ ಒತ್ತಿ ಎಂಟರ್ ಹೊಡೆದರಾಯ್ತು, ಕಮಿಟ್ ರದ್ದು. ಇಂಗ್ಲಿಷ್ ಮೆಸೇಜ್‌ಗೆ ಇದನ್ನು ಮೀರಿಸಿದ್ದು ನಾನು ಕಾಣೆ.

ಆದರೆ ಕನ್ನಡ ಬರೆಯೋಕೆ ಹೊರಟರೆ ಗೋಳು. ನನ್ನ ಟರ್ಮಿನಲ್‌ನಲ್ಲಿ ಒತ್ತಕ್ಷರ ಒಂದು ಕಡೆ, ಕರ್ಸರ್ ಇನ್ನೊಂದು ಕಡೆ. 'ಲೆಕ್ಕ' ಅಂತ ತಿದ್ದೋಕೆ ಹೋಗಿ ಪಕ್ಕದ ಅಕ್ಷರ ಅಳಿಸಿದ್ದೆಷ್ಟೋ! ಇದು ವಿಮ್ ತಪ್ಪಲ್ಲ, ಟರ್ಮಿನಲ್‌ದು. ನ್ಯಾನೊದಲ್ಲೂ ಇದೇ ಕಥೆ.

ಹಾಗಾಗಿ ಸಂಜೆಗೆ ವಿಎಸ್ ಕೋಡ್. ಒತ್ತಕ್ಷರ ಅಚ್ಚುಕಟ್ಟು. ಆದರೆ ಮೊದಲ ದಿನ ಕೈಕೊಟ್ಟಿತು. ವಿಂಡೋ ತೆರೆದು ನಾನು ಬರೆಯುತ್ತಾ ಕೂತರೆ, ಹಿಂದೆ ಗಿಟ್ ಆಗಲೇ 'ಮೆಸೇಜ್ ಖಾಲಿ' ಅಂತ ಕಮಿಟ್ ಕೈಬಿಟ್ಟಿತ್ತು. ಗಿಟ್‌ನ ಎಡಿಟರ್ ಸೆಟಿಂಗ್‌ನಲ್ಲಿ 'ಕೋಡ್' ಪಕ್ಕ 'ವೇಟ್' ಆಯ್ಕೆ ಕೊಡಲೇಬೇಕು. ಆಗ ಟ್ಯಾಬ್ ಮುಚ್ಚುವವರೆಗೂ ಗಿಟ್ ಕಾಯುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ತೆರೆಯೋದು ನಿಧಾನ, ಇರಲಿ.

ಒಂದು ಕಾಟ ಮಾತ್ರ ಮೂರರಲ್ಲೂ ಇತ್ತು. ಫೈಲಿನ ಹೆಸರು 'ಮಳೆ' ಅಂತ ಕನ್ನಡದಲ್ಲಿದ್ದರೆ, ಮೆಸೇಜ್ ಕೆಳಗೆ ಬರುವ ಬದಲಾದ ಫೈಲುಗಳ ಪಟ್ಟಿಯಲ್ಲಿ ಗಿಟ್ ಅದನ್ನು 340, 262, 256 ಅಂತ ಶುರುವಾಗುವ ಅಂಕಿಗಳಲ್ಲಿ ತೋರಿಸುತ್ತದೆ. ಇಂಚು, ಸೆಂಟಿನಲ್ಲಿ (ನೂರು ಸೆಂಟಿಗೆ ಒಂದು ಇಂಚು) ಮಳೆ ಅಳೆಯುವ ಅಪ್ಪ ಹಿಂದಿನಿಂದ ಇಣುಕಿ, "340 ಸೆಂಟ್ ಮಳೆ ಯಾವತ್ತು ಬಂತೋ?" ಅಂದರು. ಅವತ್ತೇ ಗಿಟ್‌ನ 'ಕೋರ್ ಡಾಟ್ ಕೋಟ್‌ಪಾತ್' ಸೆಟಿಂಗ್ ಅನ್ನು 'ಫಾಲ್ಸ್' ಮಾಡಿದೆ, ಹೆಸರು ಕನ್ನಡದಲ್ಲೇ ಕಾಣಲಿ ಅಂತ.